ಬಾಯಿ ಮುಚ್ಚಿದ ನಾಲ್ಕು

ಚಾಚು ಕುಸಿದದ್ದರ ಫಲ ಉಂಡವರು ಇಬ್ಬರೇ. ವಸತಿ ಶಾಲೆಯ ಅಡುಗೆಯ ಗಂಗವ್ವ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರು. ಕಂಬಿ ಕಟ್ಟಿದ ಮೇಸ್ತ್ರಿ ಮಾಬುಸಾಬರು ಹೆಸರು ಕಳೆದುಕೊಂಡರು; ಈಗ ಅವರು ಕಂಬಿ ಕದ್ದ ಆರೋಪಿ. ನಕ್ಷೆ ಬರೆದವರಿಗೆ, ಅದನ್ನು ಒಪ್ಪಿದವರಿಗೆ, ಕೆಲಸದ ಉಸ್ತುವಾರಿ ಹೊತ್ತವರಿಗೆ, ಗುತ್ತಿಗೆ ಹಿಡಿದವರಿಗೆ ಒಂದು ಗೀರೂ ಆಗಲಿಲ್ಲ.

ನಡೆದದ್ದು ಹೀಗೆ. ಅಡುಗೆ ಕೋಣೆಯ ಬಾಗಿಲ ಮುಂದೆ, ಕೆಳಗೆ ಕಂಬದ ಆಸರೆಯಿಲ್ಲದೆ ಗೋಡೆಯಿಂದ ಹೊರಕ್ಕೆ ಚಾಚಿದ ಕಾಂಕ್ರೀಟ್ ಚಾವಣಿಯೊಂದಿತ್ತು. ಮೊದಲ ನಕ್ಷೆಯಲ್ಲಿ ಅದು ಗಿಡ್ಡ; ಕಂಬಿಯಿಂದ ಕಂಬಿಗೆ 150 ಮಿಲಿಮೀಟರ್, ಅಂದರೆ ಆರು ಇಂಚಿನ ಅಂತರ. ಕೆಲಸ ನಡೆಯುತ್ತಿದ್ದಾಗ ಚಾಚನ್ನು ಉದ್ದ ಮಾಡಬೇಕೆಂದು ಶಾಲೆಯವರು ಕೇಳಿದರು. ಒಂದು ಶುಕ್ರವಾರ ಮಾಬುಸಾಬರು ಮಧ್ಯಾಹ್ನದ ನಮಾಜು ಮುಗಿಸಿ ಬಂದಾಗ ಕಾವಲುಗಾರ ಅದೇ ನಕ್ಷೆಯನ್ನು ಅವರ ಕೈಗೆ ಕೊಟ್ಟ. ಅದರ ಮೇಲೆ ಮೆಟ್ಟಿಲಿನ ಅಂಚಿನವರೆಗೆ ಕೆಂಪು ಶಾಯಿಯ ಗೆರೆಯೊಂದಿತ್ತು. ಆ 150 ಅನ್ನು ಹೊಡೆದುಹಾಕಿ ಪಕ್ಕದಲ್ಲಿ 8 ಎಂದು, ಅದರ ತಲೆಯ ಮೇಲೆ ಇಂಚಿನ ಎರಡು ಗೀಟು ಬರೆದಿತ್ತು. ಸಹಿ ಇರಲಿಲ್ಲ, ತಾರೀಖೂ ಇರಲಿಲ್ಲ. ಆ ದಿನ ಬಂದುಹೋದ ನಾಲ್ಕೈದು ಸಾಹೇಬರಲ್ಲಿ ಬರೆದವರು ಯಾರೆಂದು ಕಾವಲುಗಾರನಿಗೂ ತಿಳಿಯದು.

ಚಾಚು ಉದ್ದವಾದರೆ ಕಂಬಿ ಒತ್ತೊತ್ತಾಗಬೇಕು, ವಿರಳವಾಗಬಾರದು. ಮೂವತ್ತು ವರ್ಷ ಕಂಬಿ ಕಟ್ಟಿದ ಮಾಬುಸಾಬರಿಗೆ ಇದು ಗೊತ್ತಿತ್ತು. ಅವರು ಕಟ್ಟಡ ಕಟ್ಟಿಸುತ್ತಿದ್ದ ಇಲಾಖೆಯ ಕಿರಿಯ ಎಂಜಿನಿಯರರನ್ನು ಕೇಳಿದರು. ಬಂದ ಉತ್ತರವನ್ನು ಅವರು ನನಗೆ ಹಲವು ಸಲ ಹೇಳಿದ್ದಾರೆ: "ನಕ್ಷಾ ಮಾಡಿದಾವ್ರು ಕಲ್ಕತ್ತಾದಾವ್ರು. ನೀ ಅವರಿಗೆ ಕಲಸ್ತೀಯೇನು? ಬರದಷ್ಟ ಕಟ್ಟು."

ಅವರು ಬರೆದಷ್ಟು ಕಟ್ಟಿದರು. ವರ್ಷ ತುಂಬುವ ಮೊದಲೇ, ಒಂದು ಭಾನುವಾರ, ಗಂಗವ್ವ ಅಕ್ಕಿ ಕೇರುತ್ತ ಕುಳಿತಿದ್ದಾಗ ಚಾಚು ಬಿತ್ತು.

ಇಲಾಖೆಯ ವರದಿ ಹೀಗೆನ್ನುತ್ತದೆ: ನಾಲ್ಕು ಇಂಚಿನ ಅಂತರ ಸೂಚಿಸಿದ ಪರಿಷ್ಕೃತ ನಕ್ಷೆ ಕೆಲಸದ ಸ್ಥಳಕ್ಕೆ ತಲುಪಿತ್ತು; ಹಳೆಯ ನಕ್ಷೆಯ ಮೇಲಿನ ಎಂಟನ್ನು ಮೇಸ್ತ್ರಿ ತಾನೇ ಬರೆದುಕೊಂಡು ಅರ್ಧ ಕಂಬಿಯನ್ನು ಮಾರಿಕೊಂಡಿದ್ದಾನೆ. ಉಳಿದ ಕಂಬಿಯನ್ನು ಗುತ್ತಿಗೆದಾರರ ಲಾರಿ ಹೊತ್ತೊಯ್ದದ್ದನ್ನು ಕಂಡವರಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕಲ್ಕತ್ತೆಯ ನಕ್ಷೆ ಕಚೇರಿಗೆ ಇಲಾಖೆ ಒಂದು ಪತ್ರ ಬರೆಯಿತು. 'ಎಂಟು ಇಂಚು ಎಂದು ತಿದ್ದಿದವರು ತಾವೇ?' ಎಂದು ಟೈಪು ಮಾಡಿ ಕೇಳಿತೇ ಹೊರತು ನಕ್ಷೆಯ ಪ್ರತಿಯನ್ನು ಜೊತೆಗಿಡಲಿಲ್ಲ. 'ಅಂಥ ತಿದ್ದುಪಡಿ ನಮ್ಮಲ್ಲಿ ದಾಖಲಾಗಿಲ್ಲ' ಎಂದು ಉತ್ತರ ಬಂತು. ತನಿಖೆ ಅಲ್ಲಿಗೆ ಮುಗಿಯಿತು.

ಇನ್ನೊಂದು ತಪ್ಪನ್ನೂ ಇಲ್ಲಿಯೇ ಹೇಳಬೇಕು. ಕಟ್ಟಡ ಕಾರ್ಮಿಕರ ವೇದಿಕೆಯಲ್ಲಿ ದುಡಿಯುವ ನಾನೂ ಒಂದು ಸಂಜೆ ಮಾಬುಸಾಬರನ್ನು ಕೇಳಿದ್ದೆ: "ಖರೇ ಹೇಳ್ರಿ, ನೀವು ಬರದಿಲ್ಲಲ್ಲ?" ಅವರು ನನ್ನ ಮುಖ ನೋಡಿದರು. "ಅಕ್ಕಾರ, ನನಗ ಬರಿಯಾಕ ಬರೂದು ನನ್ನ ಸಹಿ ಒಂದ" ಎಂದರು.

ಮಾಬುಸಾಬರ ಮೇಲಿನ ಕಳವಿನ ಮೊಕದ್ದಮೆಯ ವಿಚಾರಣೆಗೆ ಒಂದು ತಿಂಗಳಿತ್ತು. ನಾನು ಕಲ್ಕತ್ತೆಗೆ ಹೊರಟೆ.

ಡಮ್ ಡಮ್

ಎರಡು ಹಗಲು ರೈಲಿನಲ್ಲಿ ಕಳೆದು ಇಳಿದಾಗ ಒಂದು ಸಿದ್ಧ ಅಭಿಪ್ರಾಯ ನನ್ನೊಡನೆ ಇಳಿಯಿತು. ಇದು ತಪ್ಪು ಮಾಡಿ ಮುಚ್ಚಿಟ್ಟವರ ಊರು. ಮೊಕದ್ದಮೆಯ ಕಡತದಿಂದ ತೆಗೆಸಿದ, ಕೆಂಪು ಶಾಯಿಯ ನಕ್ಷೆಯ ಬಣ್ಣದ ಪ್ರತಿ ನನ್ನ ಚೀಲದ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು. ಯಾರಿಗೂ ತೋರಿಸಬೇಡಿ ಎಂದು ನಮ್ಮ ವಕೀಲರು ಹೇಳಿದ್ದರು. ಅದರಂತೆ ನಾನು ಉಳಿದುಕೊಂಡ ಮನೆಯವರಿಗೂ ತೋರಿಸಲಿಲ್ಲ.

ಆ ಮನೆ ನಮ್ಮ ಗದಗಿನ ಸುನಂದಾ ಅವರದು. ಗಂಡ ರೈಲ್ವೆಯಲ್ಲಿ, ಇಪ್ಪತ್ತು ವರ್ಷದಿಂದ ಡಮ್ ಡಮ್‌ನ ವಸತಿಗೃಹದಲ್ಲಿ ವಾಸ. ಬಾಗಿಲು ತೆರೆದ ಕೂಡಲೇ ಸುನಂದಾ ನಕ್ಕರು. "ಬರ್ರಿ, ಬರ್ರಿ. ನೀವು ಕೆಳಗ ನಿಂತು 'ಸುನಂದಾ ಮನಿ ಯಾವ್ದು' ಅಂತ ಕೇಳಿದ್ರಂತ. ಯಾರಿಗೂ ಗೊತ್ತಾಗ್ಲಿಲ್ಲ ನೋಡ್ರಿ. ಈ ಪಾಡಾದಾಗ ನಾ ಎಲ್ಲಾರಿಗೂ ಬೌದಿ. ಇಪ್ಪತ್ತು ವರ್ಷ ಆತು, ಸುನಂದಾ ಅನ್ನಾವ್ರು ನಮ್ಮ ಮನಿಯವ್ರು ಒಬ್ಬರ."

ಪಾಡಾ ಎಂದರೆ ಓಣಿ, ಬೌದಿ ಎಂದರೆ ಅತ್ತಿಗೆ. ಇಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು: ಒಂದು ಶಾಲೆಗೆ, ಕಾಗದಕ್ಕೆ, ಇನ್ನೊಂದು ಕೂಗುವುದಕ್ಕೆ. ಸುನಂದಾರ ಮಗಳು ದಾಖಲೆಯಲ್ಲಿ ಶ್ರೀವಿದ್ಯಾ, ಓಣಿಯಲ್ಲಿ ತುಲಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಅರ್ಧ ಬರುತ್ತದೆ. "ಮಾಶಿ, ನೀವು ಡಿಟೆಕ್ಟಿವ್ ಇದ್ದೀರಾ? ಬ್ಯಾಗ್ ಯಾಕೆ ಸೋ ಟೈಟ್ ಹಿಡ್ಕೊಂಡು?" ಎಂದು ಕೇಳಿದಳು. ಮಾಶಿ ಎಂದರೆ ಚಿಕ್ಕಮ್ಮ. ನಾನು ಚೀಲವನ್ನು ಕಾಲ ಬಳಿ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ಸಿಯಾಲ್ದಾದ ಲೋಕಲ್ ರೈಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ಹೇಗೋ ಒಂದು ಆಸನ ಸಿಕ್ಕಿತು. ಎದುರು ನಿಂತಿದ್ದ ಹೆಂಗಸು ಬಾಗಿ "ಕೋಥಾಯ್ ನಾಮ್‌ಬೇನ್?" ಎಂದಳು. ಎಲ್ಲಿ ಇಳಿಯುತ್ತೀರಿ ಎಂಬಷ್ಟು ತಿಳಿಯಿತು. ಪರವೂರಿನವಳ ಮೇಲೆ ಎಂಥ ಕಾಳಜಿ ಎಂದು ಮನಸ್ಸು ತುಂಬಿ, ನನ್ನ ಮುರುಕು ಹಿಂದಿಯಲ್ಲಿ ಊರು, ಉದ್ದೇಶ, ಗಂಗವ್ವನ ಕಾಲು, ಎಲ್ಲವನ್ನೂ ಹೇಳತೊಡಗಿದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಕೊನೆಗೆ ಪಕ್ಕದಲ್ಲಿ ಕುಳಿತವಳು ನಗು ತಡೆಯಲಾರದೆ ಬಿಡಿಸಿ ಹೇಳಿದಳು: ನೀವು ಎದ್ದ ಮೇಲೆ ಆ ಜಾಗ ಅವಳದು, ಅದಕ್ಕೇ ಕೇಳಿದ್ದು.

ಪ್ರತಿ ಆಸನಕ್ಕೂ ಹೀಗೆ ಒಬ್ಬ ಉತ್ತರಾಧಿಕಾರಿ ಮೊದಲೇ ಗೊತ್ತಾಗಿರುತ್ತಾಳೆ. ನುಗ್ಗಾಟದ ನಡುವೆಯೂ ಜಗಳವಿಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿಯುವುದನ್ನು ನೆನೆದು ನಾಚಿಕೆಯಾಯಿತು.

ಸಿಯಾಲ್ದಾ

ನಕ್ಷೆ ಕಚೇರಿ ಸಿಯಾಲ್ದಾ ನಿಲ್ದಾಣದಿಂದ ಹತ್ತು ನಿಮಿಷ, ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನನ್ನನ್ನು ಎದುರುಗೊಂಡವರು ದಾಖಲೆ ವಿಭಾಗದ ಮಾಲವಿಕಾ ಎಂಬುವರು. ಐವತ್ತು ದಾಟಿದ, ಗಟ್ಟಿ ಕಂಠದ ಹೆಂಗಸು. ಎಂಜಿನಿಯರುಗಳೂ ಅವರನ್ನು ಮಾಲವಿಕಾದಿ, ಅಂದರೆ ಮಾಲವಿಕಾ ಅಕ್ಕ, ಎಂದೇ ಕರೆಯುತ್ತಾರೆ, ಕರೆಯುವಾಗ ತುಸು ಹೆದರುತ್ತಾರೆ. ಅವರೊಡನೆ ಮಾತು ಹಿಂದಿ, ಇಂಗ್ಲಿಷುಗಳಲ್ಲಿ ನಡೆಯಿತು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ.

"ನೀವು ಹೋರಾಟದವರು" ಎಂದರು, ನನ್ನ ಪತ್ರವನ್ನು ಓದಿ. "ಇದು ಹೋರಾಟದವರ ಊರು. ಬಾಗಿಲಲ್ಲಿ ಘೋಷಣೆ ಕೂಗುತ್ತೀರೋ, ಒಳಗೆ ಬಂದು ಚಹಾ ಕುಡಿಯುತ್ತೀರೋ?"

"ನನಗೆ ಶಾಲೆಯ ನಕ್ಷೆ ಬೇಕು."

"ಯಾವ ನಕ್ಷೆ?"

"ಅಡುಗೆ ಕೋಣೆಯ ಚಾಚಿನದು."

"ಅದು ಕೂಗುವ ಹೆಸರು. ನನಗೆ ಕಾಗದದ ಹೆಸರು ಬೇಕು." ನಾನು ತಡವರಿಸಿದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು. "ನೋಡಿ, ಬಂಗಾಳದಲ್ಲಿ ಮನುಷ್ಯರಿಗೆ ಎರಡು ಹೆಸರು ಇರಬಹುದು. ನಕ್ಷೆಗೆ ಒಂದೇ."

ನಮ್ಮ ಕಡೆಯ ಕೆಲಸದ ಸ್ಥಳಗಳನ್ನು ನೆನೆದೆ. ನಾವು ನಕ್ಷೆಗಳನ್ನು 'ಆ ನೀಲಿದು', 'ಸಾಹೇಬ್ರು ಕೊಟ್ಟದ್ದು', 'ಚಹಾ ಚೆಲ್ಲಿದ್ದು' ಎನ್ನುತ್ತೇವೆ. ಇಲ್ಲಿ ಪ್ರತಿ ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿ ಒಂದು ಚೌಕವಿದೆ. ಅದರಲ್ಲಿ ನಕ್ಷೆಯ ಸಂಖ್ಯೆ, ಬರೆದವರು, ಪರಿಶೀಲಿಸಿದವರು, ಒಪ್ಪಿದವರು, ಮೂರು ಬೇರೆ ಬೇರೆ ಸಹಿ, ಮೂರು ತಾರೀಖು. ಬರೆದವರೇ ಪರಿಶೀಲಿಸುವಂತಿಲ್ಲ. ಬದಲಾವಣೆಯಾದರೆ ಸಂಖ್ಯೆ ಅದೇ ಉಳಿದು ಪಕ್ಕದ ಅಕ್ಷರ ಎ ಇದ್ದದ್ದು ಬಿ ಆಗುತ್ತದೆ. ಬದಲಾದ ಜಾಗದ ಸುತ್ತ ಮೋಡದಂಥ ಗೆರೆ ಬೀಳುತ್ತದೆ. ಏನು ಬದಲಾಯಿತು, ಏಕೆ, ಎಂದು ಒಂದು ಸಾಲು ಬರೆಯಬೇಕು. ಪರಿಷ್ಕರಣೆಯ ಅಕ್ಷರಗಳಲ್ಲಿ ಐ ಮತ್ತು ಓ ಇಲ್ಲವೇ ಇಲ್ಲ ಎಂದು ಮಾಲವಿಕಾದಿ ತೋರಿಸಿದರು. ಐ ಒಂದರಂತೆ ಕಾಣುತ್ತದೆ, ಓ ಸೊನ್ನೆಯಂತೆ. ಒಬ್ಬ ಮೇಸ್ತ್ರಿ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದುವಾಗ ಎಡವಬಾರದೆಂದು ಎರಡು ಅಕ್ಷರಗಳನ್ನೇ ಕೈಬಿಟ್ಟಿದ್ದಾರೆ! ಕಾಣದ ಓದುಗನ ಮೇಲೆ ಇಷ್ಟು ಅಕ್ಕರೆಯನ್ನು ನಾನು ಯಾವ ಸರಕಾರಿ ಕಾಗದದಲ್ಲಿಯೂ ಕಂಡಿಲ್ಲ.

ಗೋಡೆಯ ಬದಿಯ ಕಪಾಟಿನಲ್ಲಿ ಮರಳಿ ಬಂದ ನಕ್ಷೆಗಳಿದ್ದವು. ಹೊಸದು ಹೊರಟ ಮೇಲೆ ಹಳೆಯ ಪ್ರತಿ ಹಿಂದಕ್ಕೆ ಬರಲೇಬೇಕು. ಬಂದದ್ದರ ಮೇಲೆ ಮಾಲವಿಕಾದಿ ತಮ್ಮ ಕೈಯಿಂದಲೇ ಮುದ್ರೆ ಒತ್ತುತ್ತಾರೆ: ಬಾತಿಲ್. ರದ್ದಾಯಿತು ಎಂದು ಅರ್ಥ. "ಸಾಯದ ಹಳೆಯ ನಕ್ಷೆಯಷ್ಟು ಅಪಾಯದ್ದು ಇನ್ನೊಂದಿಲ್ಲ" ಎಂದರು.

ಬಳಿಕ ಅವರು ಒಂದು ರಿಜಿಸ್ಟರ್ ತೆರೆದು ನಮ್ಮ ಶಾಲೆಯ ಪುಟಕ್ಕೆ ಬಂದರು. ಆ ಪುಟವನ್ನು ಓದಿದಾಗ ನನ್ನ ಸಿದ್ಧ ಅಭಿಪ್ರಾಯ ಮೊದಲ ಸಲ ಅಲುಗಿತು. ಚಾಚನ್ನು ಉದ್ದ ಮಾಡಿ, ಅಂತರವನ್ನು ನಾಲ್ಕು ಇಂಚಿಗೆ ಇಳಿಸಿದ ಬಿ ಪರಿಷ್ಕರಣೆ ಕ್ರಮಬದ್ಧವಾಗಿ ಸಿದ್ಧವಾಗಿತ್ತು. ನಮ್ಮ ಇಲಾಖೆಯ ತಾಲ್ಲೂಕು ಕಚೇರಿ ಅದನ್ನು ಪಡೆದು ಸಹಿ ಮಾಡಿದ ರಸೀದಿ ಅಲ್ಲಿತ್ತು. ತಾರೀಖು ನೋಡಿದೆ. ಚಾಚಿಗೆ ಕಾಂಕ್ರೀಟ್ ಹಾಕಿದ್ದಕ್ಕೆ ಒಂಬತ್ತು ದಿನ ಮೊದಲು.

"ಅಂದರೆ ಕೆಲಸದ ಸ್ಥಳಕ್ಕೂ ತಲುಪಿತ್ತೇ? ನಮ್ಮ ವರದಿ ಹಾಗೆನ್ನುತ್ತದೆ."

"ತಲುಪಿದ್ದರೆ ಹಳೆಯದು ನನಗೆ ವಾಪಸು ಬರಬೇಕಿತ್ತಲ್ಲ?" ಅವರು ಬೆರಳಿಟ್ಟ ಕಡೆ ಒಂದು ಅಂಕಣ ಖಾಲಿಯಿತ್ತು. "ಎರಡು ಜ್ಞಾಪನ ಕಳಿಸಿದೆ. ಉತ್ತರವಿಲ್ಲ. ಹಳೆಯ ಪ್ರತಿ ಎಲ್ಲಿದೆಯೋ ದೇವರೇ ಬಲ್ಲ."

ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದರ ನೆರಳು ನನ್ನ ಚೀಲದ ತಳದಲ್ಲಿತ್ತು. ಆದರೂ ನಾನು ತೆಗೆದು ತೋರಿಸಲಿಲ್ಲ. ಬಾಯಿಮಾತಿನಲ್ಲಿ ಕೇಳಿದೆ: "ಅದರ ಮೇಲೆ ಕೆಂಪಿನಲ್ಲಿ ಎಂಟು ಇಂಚು ಎಂದು ಬರೆದವರು ಯಾರು?"

"ಎಂಟು? ಚಾಚು ಉದ್ದವಾದಾಗ ಎಂಟೇ? ಇಲ್ಲಿ ನೆಲ ಗುಡಿಸುವವಳೂ ಹಾಗೆ ಬರೆಯುವುದಿಲ್ಲ." ಅವರಿಗೆ ಅವಮಾನವಾಗಿತ್ತು. ಬಿ ಪರಿಷ್ಕರಣೆಯ ಮೂಲೆಯ ಚೌಕವನ್ನು ನೋಡಿದರು. "ಇದನ್ನು ಮಾಡಿದವರು ಶ್ಯಾಮಲ್‌ದಾ, ನಮ್ಮ ಹಿರಿಯ ಎಂಜಿನಿಯರ್. ನಿಮ್ಮೂರಿಗೆ ಹೋಗಿ ಬಂದಿದ್ದರು. ಈಗ ನಿವೃತ್ತರು. ಅವರನ್ನೇ ಕೇಳಿ." ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದುಕೊಟ್ಟರು. ಜಾದವ್‌ಪುರ, ಮನೆ ಸಂಖ್ಯೆ 8.

ಜಾದವ್‌ಪುರ

ಕಲ್ಕತ್ತೆಯಲ್ಲಿ ದಾರಿ ಕೇಳುವುದೆಂದರೆ ಸಭೆ ಕರೆದಂತೆ. ಜಾದವ್‌ಪುರದ ನಿಲ್ದಾಣದ ಹೊರಗೆ ಒಬ್ಬರನ್ನು ಕೇಳಿದೆ, ಮೂವರು ಸೇರಿದರು. ಒಬ್ಬರು ಕೊಳದ ಬಲಕ್ಕೆ ಎಂದರು, ಇನ್ನೊಬ್ಬರು ಆ ಕೊಳ ಮುಚ್ಚಿ ಹತ್ತು ವರ್ಷವಾಯಿತು ಎಂದರು, ಮೂರನೆಯವರು ಕೊಳ ಮುಚ್ಚಿದ್ದೇ ಅನ್ಯಾಯ ಎಂದು ಬೇರೊಂದು ಚರ್ಚೆ ತೆಗೆದರು. ನನ್ನನ್ನು ಮಾತ್ರ ಯಾರೂ ಮರೆಯಲಿಲ್ಲ. ಚರ್ಚೆ ಮುಗಿಯುವ ಮೊದಲೇ ಒಬ್ಬರು ನನ್ನನ್ನು ಓಣಿಯ ಬಾಯಿಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟರು.

ಎಡಕ್ಕೆ ನಾಲ್ಕನೆಯ ಗೇಟಿನಲ್ಲಿ ನೀಲಿ ತಗಡಿನ ಮೇಲೆ ಬಿಳಿಯ ಎಂಟು ಸ್ಪಷ್ಟವಾಗಿತ್ತು. ಕರೆಗಂಟೆ ಒತ್ತಿದೆ. ಹತ್ತಿಯ ಸೀರೆಯ, ಬೆಳ್ಳಿ ಕೂದಲ ಹೆಂಗಸು ಬಂದರು.

"ಶ್ಯಾಮಲ್ ಬಾಬು ಇದ್ದಾರೆಯೇ?"

"ಅವರ ಮನೆ ಎಂಟು. ಇದು ನಾಲ್ಕು."

"ನಿಮ್ಮ ಗೇಟಿನ ಮೇಲೆ ಎಂಟು ಅಂತ ಬರೆದಿದೆಯಲ್ಲ?"

ಆಕೆ ಗೇಟನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಓ ಮಾ! ಏಟಾ ಆಟ್ ನಾ, ಏಟಾ ಚಾರ್! ಬಾಂಗ್ಲಾ ಚಾರ್!"

ಎಂಟಲ್ಲ, ನಾಲ್ಕು. ಬಂಗಾಳಿಯ ನಾಲ್ಕು. ಅವರು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು: ಮೇಲೊಂದು ಸುತ್ತು, ಕೆಳಗೊಂದು ಸುತ್ತು. ನಮ್ಮ ಕನ್ನಡದ ೪ ನನ್ನ ಕಣ್ಣ ಮುಂದೆ ಬಂತು. ಎರಡೂ ಒಂದೇ ಬಳಗದವು. ನಮ್ಮ ನಾಲ್ಕಿನ ಬಾಯಿ ಮೇಲಕ್ಕೆ ತೆರೆದಿದೆ, ಬಂಗಾಳಿಯವರು ಅದನ್ನು ಮುಚ್ಚಿಬಿಟ್ಟಿದ್ದಾರೆ. ಮುಚ್ಚಿದ ಕೂಡಲೇ ಅದು ಇಂಗ್ಲಿಷಿನ ಎಂಟು.

ಗೇಟಿನ ಕಟ್ಟೆಯ ಮೇಲೆ ಚೀಲ ಇಟ್ಟು, ಸೀರೆಯ ಮಡಿಕೆ ಬಿಡಿಸಿ, ನಕ್ಷೆಯ ಪ್ರತಿಯನ್ನು ಹೊರಗೆಳೆದೆ. ವಕೀಲರ ಮಾತು ನೆನಪಿಗೂ ಬರಲಿಲ್ಲ. "ಮಾಶಿಮಾ, ಈ ಕೆಂಪಿನಲ್ಲಿ ಏನಿದೆ, ಓದಿ ಹೇಳಿ."

ಅವರು ಒಳಗೆ ಹೋಗಿ ಕನ್ನಡಕ ತಂದರು. "ಚಾರ್ ಇಂಚಿ" ಎಂದರು, ಒಂದು ಕ್ಷಣವೂ ತಡೆಯದೆ. "ನಾನು ಮೂವತ್ತೈದು ವರ್ಷ ಮಕ್ಕಳ ಲೆಕ್ಕದ ಪುಸ್ತಕ ತಿದ್ದಿದವಳು. ನೋಡು, ಕೈ ಇಲ್ಲಿಂದ ಶುರುವಾಗಿ ಇಲ್ಲಿ ಮುಗಿದಿದೆ. ಇಂಗ್ಲಿಷ್ ಎಂಟು ಬರೆಯುವ ಕೈ ಹೀಗೆ ತಿರುಗುವುದಿಲ್ಲ. ಇದನ್ನು ಬರೆದವನು ನಮ್ಮವನು." ಆಮೇಲೆ ನನ್ನ ಮುಖ ನೋಡಿ ಅವರ ನಗು ನಿಂತಿತು. "ಯಾಕೆ ಅಳುತ್ತೀಯಮ್ಮಾ? ನಾಲ್ಕು ನಿನಗೇನು ಮಾಡಿತು?"

ನಾನು ಹೇಳಿದೆ. ಅವರು ನನಗೆ ನೀರು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ನನ್ನ ಕೈ ಹಿಡಿದು ಓಣಿಯ ಕೊನೆಯ ಎಂಟನೆಯ ಮನೆಗೆ ತಾವೇ ಕರೆದೊಯ್ದರು. ನಿಜವಾದ ಬಂಗಾಳಿ ಎಂಟು ಆ ಗೇಟಿನ ಮೇಲಿತ್ತು. ಅದು ಇಂಗ್ಲಿಷಿನ ಎಂಟನ್ನು ಒಂದಿಷ್ಟೂ ಹೋಲುತ್ತಿರಲಿಲ್ಲ.

ಎಂಟನೆಯ ಮನೆ

ಶ್ಯಾಮಲ್ ಬಾಬು ತೆಳ್ಳಗಿನ, ಮೆಲುಮಾತಿನ ಮನುಷ್ಯ. ಗೋಡೆಯ ಮೇಲೆ ನಕ್ಷೆಗೆ ಗೆರೆ ಎಳೆಯುವ ಹಳೆಯ ಟಿ ಸ್ಕ್ವೇರ್ ಒಂದನ್ನು ತೂಗುಹಾಕಿದ್ದರು. ಕರ್ನಾಟಕ ಎಂದೊಡನೆ ಅವರ ಮುಖ ಅರಳಿತು. "ಸೊಲ್ಪೊ ಸೊಲ್ಪೊ ಕನ್ನಡ ಬೊರುತ್ತೆ" ಎಂದರು. "ನಿಮ್ಮ ಜೋಳದ ರೊಟ್ಟಿ! ಆ ಮೇಸ್ತ್ರಿ ಇದ್ದಾರಲ್ಲ, ಮಾಬುಭಾಯ್, ಕಂಬಿಯ ಕೊಕ್ಕೆಯನ್ನು ಹೇಗೆ ಮಡಚಬೇಕೆಂದು ನನಗೇ ಪಾಠ ಹೇಳಿದ್ದರು. ಹೇಗಿದ್ದಾರೆ?"

ನಾನು ಪ್ರತಿಯನ್ನು ಮುಂದಿಟ್ಟೆ. "ಇದು ಯಾರ ಕೈ?"

"ನನ್ನದೇ" ಎಂದರು ಸಹಜವಾಗಿ. "ನಾಲ್ಕು ಇಂಚು. ಆ ಶುಕ್ರವಾರ ರೈಲಿಗೆ ಹೊತ್ತಾಗಿತ್ತು. ಮಾಬುಭಾಯ್ ನಮಾಜಿಗೆ ಹೋಗಿದ್ದರು. ನಕ್ಷೆಯಲ್ಲಿ ಮಿಲಿಮೀಟರ್ ಇದೆ, ಅವರು ಇಂಚಿನ ಅಡಿಕೋಲಿನಿಂದ ಅಳೆಯುವವರು, ಅವರಿಗೆ ಸುಲಭವಾಗಲಿ ಎಂದು ಇಂಚಿನಲ್ಲಿ ಬರೆದೆ. ಊರಿಗೆ ಬಂದ ಮೇಲೆ ಬಿ ಪರಿಷ್ಕರಣೆ ಮಾಡಿ ಕಳಿಸಿದೆನಲ್ಲ? ತಲುಪಲಿಲ್ಲವೇ?"

"ನಮ್ಮೂರಿನಲ್ಲಿ ಇದನ್ನು ಎಲ್ಲರೂ ಎಂಟು ಎಂದು ಓದುತ್ತಾರೆ."

ಅವರು ಕಾಗದವನ್ನು ಕೈಗೆ ತೆಗೆದುಕೊಂಡರು. ದೂರ ಹಿಡಿದರು, ಹತ್ತಿರ ತಂದರು. ತಾವು ಬರೆದದ್ದನ್ನು ಬೇರೊಬ್ಬರ ಕಣ್ಣಿನಿಂದ ಓದಲು ಯತ್ನಿಸುತ್ತಿದ್ದರು. ಅದು ಸಾಧ್ಯವಾದ ಗಳಿಗೆಯನ್ನು ನಾನು ನೋಡಿದೆ. ಕಾಗದ ಅವರ ತೊಡೆಯ ಮೇಲೆ ಬಿತ್ತು.

"ಎಷ್ಟು ಜನ ಸತ್ತರು?"

"ಯಾರೂ ಸಾಯಲಿಲ್ಲ. ಒಬ್ಬಾಕೆಯ ಕಾಲು ಹೋಯಿತು. ಮಾಬುಸಾಬರು ಕಳ್ಳರಾದರು."

"ನಲವತ್ತು ವರ್ಷ ಇಂಗ್ಲಿಷ್ ಅಂಕಿಯಲ್ಲೇ ನಕ್ಷೆ ಬರೆದಿದ್ದೇನೆ" ಎಂದರು. "ಅವಸರದಲ್ಲಿ ಕೈ ತನ್ನ ಶಾಲೆಗೆ ಹೋಗಿಬಿಡುತ್ತದೆ. ಅದು ತಪ್ಪಲ್ಲ ಎನ್ನಬಹುದು. ಆದರೆ ಹೊರಡಿಸಿದ ನಕ್ಷೆಯ ಮೇಲೆ ಸಹಿಯಿಲ್ಲದೆ ಕೈಯಿಂದ ತಿದ್ದಬಾರದು. ಅದನ್ನು ಕಿರಿಯರಿಗೆ ಕಲಿಸಿದವನೇ ನಾನು. ಅದು ತಪ್ಪು."

"ಹಾಗೆಂದು ಬರೆದುಕೊಡುತ್ತೀರಾ?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮಾತಿಗೆ ಬಂದರು. "ವಕೀಲರನ್ನು ಕೇಳದೆ ಒಂದಕ್ಷರವೂ ಬರೆಯಬೇಡ. ಈ ವಯಸ್ಸಿನಲ್ಲಿ ಕೋರ್ಟು ಹತ್ತುತ್ತೀಯಾ?" ಆ ಹೆಂಗಸಿನ ಭಯವನ್ನು ನಾನು ಹೀಗಳೆಯಲಾರೆ. ನನ್ನ ವಕೀಲರೂ ನನಗೆ ಅದನ್ನೇ ಹೇಳಿದ್ದರು.

"ವಕೀಲರು ಕೇಳುವುದೇನು? ಯಾವ ಅಂಕಿ ಬರೆದೆ ಎಂದು" ಎಂದರು ಶ್ಯಾಮಲ್ ಬಾಬು. "ಆ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರವಿದೆ. ಪೆನ್ನು ಕೊಡು."

ಹೆಂಡತಿ ಕೊಡಲಿಲ್ಲ. ಮಾಶಿಮಾ ತಮ್ಮ ಕೈಚೀಲದಿಂದ ತೆಗೆದುಕೊಟ್ಟರು. ಹೇಳಿಕೆ ಒಂದೂವರೆ ಪುಟವಾಯಿತು. ಅಂಕಿ ಬಂದ ಕಡೆಯಲ್ಲೆಲ್ಲ ಅವರು ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆದರು. ಸಾಕ್ಷಿಯಾಗಿ ಮಾಶಿಮಾ ಸಹಿ ಹಾಕಿದರು. ಮುಗಿದ ಮೇಲೆ ಹೆಂಡತಿ ಒಳಗಿನಿಂದ ನನಗೆ ಊಟ ತಂದಿಟ್ಟರು. ನನ್ನೊಡನೆ ಮಾತಾಡಲಿಲ್ಲ, ಅರ್ಧಕ್ಕೆ ಏಳಲೂ ಬಿಡಲಿಲ್ಲ.

ತಪ್ಪು ಮಾಡಿದವರನ್ನು ಹಿಡಿಯಲು ಬಂದ ನಾನು ಅಲ್ಲಿಂದ ಹೊರಟಾಗ, ತಪ್ಪು ಮಾಡಿದ ಮನುಷ್ಯನ ಬಗ್ಗೆ ನನ್ನಲ್ಲಿ ಗೌರವವಿತ್ತು. ನಮ್ಮ ಹೋರಾಟದ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಮತ್ತೆ ಸಿಯಾಲ್ದಾ

ಮರುದಿನ ನಕ್ಷೆ ಕಚೇರಿಯಲ್ಲಿ ಪ್ರತಿಯನ್ನು ಮಾಲವಿಕಾದಿಯ ಮುಂದೆ ಬಿಡಿಸಿದೆ. ಅವರು ಕೆಂಪು ಗುರುತನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

"ಇದನ್ನು ನಿನ್ನೆಯೇ ಏಕೆ ತೋರಿಸಲಿಲ್ಲ?"

"ನಿಮ್ಮನ್ನು ನಂಬಿರಲಿಲ್ಲ."

"ನಿಮ್ಮ ಇಲಾಖೆಯೂ ತೋರಿಸಲಿಲ್ಲ, ನೀವೂ ತೋರಿಸಲಿಲ್ಲ. ಇಬ್ಬರೂ ಬಾಯಿಯಲ್ಲಿ ಎಂಟು ಎಂಟು ಎಂದಿರಿ. ಈ ಪುಟವನ್ನು ಒಬ್ಬರಾದರೂ ತೋರಿಸಿದ್ದರೆ ನಾನು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ." ಅವರ ಬೈಗುಳ ನನಗೆ ಸಲ್ಲಬೇಕಾದದ್ದೇ. ಒಂದು ವರ್ಷ ಒಬ್ಬ ಮನುಷ್ಯ ಕಳ್ಳನಾಗಿ ಬದುಕಿದ್ದರಲ್ಲಿ ನನ್ನ ಅನುಮಾನದ ಪಾಲು ಒಂದು ಹಗಲಿನಷ್ಟಾದರೂ ಇದೆ.

ಅಂದು ಮಧ್ಯಾಹ್ನದೊಳಗೆ ಕಚೇರಿಯ ಮುಖ್ಯಸ್ಥರ ಸಹಿಯಿರುವ ಪತ್ರ ಸಿದ್ಧವಾಯಿತು. ತಮ್ಮ ಎಂಜಿನಿಯರರ ಕೈತಿದ್ದುಪ‍ಡಿಯನ್ನು ಅವರು ಒಪ್ಪಿಕೊಂಡಿದ್ದರು. ಜೊತೆಗೆ ರಿಜಿಸ್ಟರಿನ ಪುಟ, ತಾಲ್ಲೂಕು ಕಚೇರಿಯ ರಸೀದಿ, ಉತ್ತರ ಕಾಣದ ಎರಡು ಜ್ಞಾಪನಗಳ ದೃಢೀಕೃತ ಪ್ರತಿಗಳು. ತಮ್ಮ ಸಂಸ್ಥೆಗೆ ಕೆಟ್ಟ ಹೆಸರು ತರುವ ಕಾಗದಕ್ಕೂ ಮಾಲವಿಕಾದಿ ಸಂಖ್ಯೆ ಕೊಟ್ಟು, ರಿಜಿಸ್ಟರಿನಲ್ಲಿ ಬರೆದು, ನನ್ನಿಂದ ಸಹಿ ಪಡೆದು ಕೊಟ್ಟರು.

ನಿಲ್ದಾಣದ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಮಾಬುಸಾಬರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ಅಂದ್ರ ಅವ್ರು ನಾಲ್ಕ ಬರದಿದ್ರು, ನಾ ಎಂಟ ಓದಿದೆ" ಎಂದರು.

"ನೀವೊಬ್ಬರ ಅಲ್ಲ, ನಾವೆಲ್ಲಾರೂ ಎಂಟ ಓದಿದ್ವಿ. ಮಾಬುಸಾಬ್, ಅವತ್ತ ನಾ ನಿಮ್ಮನ್ನ ಕೇಳಬಾರದಿತ್ತು. ತಪ್ಪಾತು."

"ಅದಿರ್ಲಿ ಬಿಡ್ರಿ ಅಕ್ಕಾರ. ಆ ಮನಿಶ್ಯಾ ತಾನ ಬರದದ್ದು ಅಂತ ಒಪ್ಕೊಂಡ್ರಾ? ದೊಡ್ಡಾವ್ರು." ಮತ್ತೆ ಕೇಳಿದರು: "ಗಂಗವ್ವಗ ಇದನ್ನ ಯಾರ ಹೇಳಾವ್ರು? ಆಕೀನೂ ನನ್ನ ಕಳ್ಳ ಅಂತ ತಿಳ್ದಾಳ. ಮನಿಗೆ ಹೋದ್ರ ಮಾರಿ ತಿರುವ್ತಾಳ್ರೀ."

ಆದ್ದರಿಂದ, ನಮ್ಮ ವಿಭಾಗದ ಕಾರ್ಯಪಾಲಕ ಎಂಜಿನಿಯರರೇ, ಈ ಬರಹದ ಕೊನೆ ನಿಮಗೆ. ಕಲ್ಕತ್ತೆಯವರು ತಮ್ಮ ತಪ್ಪನ್ನು ಒಂದೇ ಹಗಲಿನಲ್ಲಿ ಬರೆದುಕೊಟ್ಟಿದ್ದಾರೆ. ನಿಮ್ಮದು ಉಳಿದಿದೆ. ಬಿ ಪರಿಷ್ಕರಣೆ ನಿಮ್ಮ ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಒಂಬತ್ತು ದಿನ ಮಲಗಿತ್ತೆಂದು ಬರೆಯಿರಿ. ಮೇಸ್ತ್ರಿ ಕೇಳಿದ ಪ್ರಶ್ನೆಗೆ ನಿಮ್ಮ ಕಿರಿಯ ಎಂಜಿನಿಯರರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯಿರಿ. ಉಳಿದ ಕಂಬಿ ಯಾರ ಲಾರಿಯಲ್ಲಿ ಹೋಯಿತೆಂದು ಗುತ್ತಿಗೆದಾರರನ್ನು ಕೇಳಿ, ಅವರ ಉತ್ತರವನ್ನೂ ಬರೆಯಿರಿ. ಮಾಬುಸಾಬರು ಕದಿಯಲಿಲ್ಲ ಎಂಬ ಸಾಲನ್ನು ಬೇರೆ ಯಾವ ಸಾಲಿನೊಡನೆಯೂ ಬೆರೆಸದೆ ಒಂಟಿಯಾಗಿ ಬರೆಯಿರಿ. ವಿಚಾರಣೆಗೆ ಮುಂಚೆ ಅದನ್ನು ನ್ಯಾಯಾಲಯಕ್ಕೆ ಸಲ್ಲಿಸಿ. ಅಷ್ಟಕ್ಕೇ ನಿಲ್ಲಬೇಡಿ. ಇದೇ ಸೋಮವಾರ, ಬೆಳಿಗ್ಗೆ ಹತ್ತಕ್ಕೆ, ನೀವೇ ಖುದ್ದಾಗಿ ಗಂಗವ್ವನ ಮನೆಗೆ ಬನ್ನಿ. ಆಕೆಗೆ ಓದಲು ಬರುವುದಿಲ್ಲ. ಆ ಒಂಟಿ ಸಾಲನ್ನು ನೀವು ಗಟ್ಟಿಯಾಗಿ, ಕನ್ನಡದಲ್ಲಿ ಓದಿ ಹೇಳಬೇಕು.